ಡಬ್ಬದ ಮೂಗಿಗೆ ಒದ್ದೆ ಬಟ್ಟೆ

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೂ ನನ್ನ ನಾಲಿಗೆ ಇಲ್ಲೇ ಇದ್ದಿಲಾಗಿ ಉದುರಿ ಬೀಳಲಿ. ಎಲ್ಲ ನಡೆದದ್ದೇ, ಆಣೆ ಮಾಡಿ ಹೇಳುತ್ತೇನೆ. ಬೇರೆ ಕಥೆಗಳಲ್ಲಿ ಸ್ವಲ್ಪ ಹಿಗ್ಗಿಸಿರಬಹುದು, ಸ್ವಲ್ಪ ಬಗ್ಗಿಸಿರಬಹುದು. ಇದನ್ನು ಮುಟ್ಟಿಲ್ಲ.

ಹಳೇ ಟೈರು ಕರಗಿಸಿ ಎಣ್ಣೆ ತೆಗೆಯುವ ಕಾರ್ಖಾನೆಯ ಬೆನ್ನಿಗೆ ಅಂಟಿಕೊಂಡ ಹಾಗೆ ಒಂದು ಓಣಿ. ಅಲ್ಲಿಯ ಗಾಳಿ ಎಷ್ಟು ದಪ್ಪವೆಂದರೆ, ಹಾರಿ ಸುಸ್ತಾದ ಕಾಗೆಗಳು ನಡುಗಾಳಿಯಲ್ಲೇ ಕೂತು ದಣಿವಾರಿಸಿಕೊಂಡು ಮುಂದೆ ಹೋಗುತ್ತಿದ್ದವು. ಬೆಳಗ್ಗೆ ಬೆಳ್ಳಗೆ ಹೊರಟ ತಾಯಿಬೆಕ್ಕು ಸಂಜೆ ಕರ್ರಗೆ ಮನೆಗೆ ಬಂದರೆ ಅದರ ಮರಿಗಳೇ ಗುರುತು ಸಿಗದೆ ಗುರ್ರೆನ್ನುತ್ತಿದ್ದವು. ಒಂದು ಮನೆಗೆ ಸುಣ್ಣ ಬಳಿಯಲು ಬಂದವನು ನಾಲ್ಕನೇ ಗೋಡೆ ಮುಗಿಸುವಷ್ಟರಲ್ಲಿ ಮೊದಲನೆಯದು ಕಪ್ಪಾಗಿರುತ್ತಿತ್ತು. ಮತ್ತೆ ಶುರು. ಹಾಗೆ ಸುತ್ತಿ ಸುತ್ತಿ ಕೊನೆಗೆ ಆ ಮನೆಯ ಹುಡುಗಿಯನ್ನೇ ಮದುವೆಯಾಗಿ ಅಲ್ಲೇ ಉಳಿದ. ಈಗಲೂ ಬಳಿಯುತ್ತಲೇ ಇದ್ದಾನೆ, ಬೇಕಾದರೆ ಹೋಗಿ ನೋಡಿ.

ಓಣಿಯ ಕೊನೆಯದು ಇಸ್ತ್ರಿಯಜ್ಜಿಯ ಮನೆ. ಮುಂದೆ ಇಸ್ತ್ರಿ ಅಂಗಡಿ, ಹಿಂದೆ ಒಂದು ಕೋಣೆ, ಮೇಲೆ ಬಯಲು ಮಾಳಿಗೆ. ಮಗಳು ಬೆಳಗ್ಗೆ ಹೊಲಿಗೆ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಹಗಲೆಲ್ಲ ಅಜ್ಜಿ, ಅಜ್ಜಿಯ ಮೊಮ್ಮಗಳು ಗುಬ್ಬಿ, ಇಬ್ಬರೇ. ಗುಬ್ಬಿಗೆ ಏಳು ವರ್ಷ, ಮೈಯಲ್ಲಿ ಮಾತ್ರ ನಾಲ್ಕು ವರ್ಷದಷ್ಟೇ. ಹೊಗೆ ಕವಿದ ದಿನ ಅವಳ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸುಂಯ್ ಸುಂಯ್ ಎನ್ನುತ್ತಿತ್ತು. ಆಗ ಅಜ್ಜಿ ಪಂಪು ಒತ್ತಿಸಿ ಔಷಧಿ ಎಳೆಸುವಳು, ತೆಳು ಬಟ್ಟೆಯೊಂದನ್ನು ನೀರಲ್ಲಿ ಅದ್ದಿ ಹಿಂಡಿ ಕಿಟಕಿಗೆ ಕಟ್ಟುವಳು, ಇನ್ನೊಂದನ್ನು ಮಗುವಿನ ಮೂಗಿನ ಮುಂದೆ ಹಿಡಿಯುವಳು. ಸಂಜೆ ಆ ಬಟ್ಟೆ ಜಾಲಿಸಿದರೆ ನೀರು ಮಸಿಯಾಗುತ್ತಿತ್ತು.

"ಔಷಧಿ ನಾನು ಕೊಡ್ತೀನಿ ಅಜ್ಜಿ, ಗಾಳಿ ಎಲ್ಲಿಂದ ತಂದುಕೊಡ್ಲಿ?" ಎಂದಿದ್ದರು ಡಾಕ್ಟರಮ್ಮ. "ಆ ಹೊಗೆ ನಿಲ್ಲಬೇಕು. ಇಲ್ಲಾಂದ್ರೆ ಮಗು ಅಲ್ಲಿರಬಾರದು. ಇನ್ನೂ ಜಾಸ್ತಿ ಆದ್ರೆ ಈ ಎದೆ ತಡೆಯಲ್ಲ."

"ಎಲ್ಲಿಗೆ ಹೋಗಲಿ ತಾಯಿ? ಅಂಗಡೀನ ತಲೆ ಮೇಲೆ ಹೊತ್ಕೊಂಡು ತಿರುಗೋಕಾಗುತ್ತಾ?"

ಓಣಿಯವರು ಸರ್ಕಾರದ ಮಾಲಿನ್ಯ ಆಫೀಸಿಗೆ ಹೋಗಿ ಹೋಗಿ, ಕೂಗಿ ಕೂಗಿ, ಕೊನೆಗೂ ಆಫೀಸಿನವರು ಒಂದು ಡಬ್ಬ ಕಳಿಸಿದರು. ಊರಿನ ಬೇರೆ ಕಾರ್ಖಾನೆಗಳ ಹತ್ತಿರದ ಮಾಳಿಗೆಗಳ ಮೇಲೂ ಇಟ್ಟಿರುವಂಥದ್ದೇ, ಗಾಳಿ ಅಳೆಯುವ ಡಬ್ಬ. ಒಂದು ತಿಂಗಳು ಇಟ್ಟು ನೋಡುತ್ತೇವೆ, ಗಾಳಿ ಕೆಟ್ಟಿದೆ ಎಂದು ಡಬ್ಬ ಹೇಳಿದರೆ ಚಿಮಣಿ ಬಂದ್ ಎಂದರು. ಡಬ್ಬ ಇಡಲು ಅಜ್ಜಿಯ ಮಾಳಿಗೆಯೇ ಸರಿ ಎಂದಾಯಿತು.

ನೋಡಲು ಅದು ಟೋಪಿ ಹಾಕಿದ ಗಿಡ್ಡ ಮನುಷ್ಯನ ಹಾಗಿತ್ತು. ಟೋಪಿಯ ಕೆಳಗೊಂದು ಬಾಯಿ. ಅದರಿಂದ ಗಾಳಿ ಎಳೆದುಕೊಂಡು ಒಳಗಿನ ಬಿಳೀ ಕಾಗದದ ಮೂಲಕ ಸೋಸುತ್ತಾ ಗುಂಯ್ ಎನ್ನುತ್ತಿತ್ತು. ಕಾಗದ ಬದಲಿಸಲು ಬರುವವನನ್ನು ಎಲ್ಲರೂ ಡಬ್ಬದ ಸಾಹೇಬ ಎನ್ನುತ್ತಿದ್ದರು. ಯಾವಾಗಲೂ ಅವಸರ, ಯಾವಾಗಲೂ ಹೆಲ್ಮೆಟ್ಟು. ಬಂದ ಮೊದಲ ದಿನ ಮೆಟ್ಟಿಲಿಳಿಯುತ್ತಾ ಹೇಳಿದ:

"ಅಜ್ಜಿ, ಸ್ವಲ್ಪ ನೋಡ್ಕೊಳ್ಳಿ. ನಿಮ್ಮ ಮಗು ಅಂದ್ಕೊಳ್ಳಿ."

ಅಂದುಕೊಳ್ಳಿ ಎಂದರೆ ಅಜ್ಜಿ ಅಂದುಕೊಳ್ಳುವವಳೇ. ಬಿಸಿಲು ತಾಗದ ಹಾಗೆ ಪಕ್ಕದಲ್ಲೊಂದು ತಟ್ಟಿ ನಿಲ್ಲಿಸಿದಳು. ಟೋಪಿ ಒರೆಸಿದಳು. ಹೋಗುತ್ತಾ ಬರುತ್ತಾ "ಏನಪ್ಪಾ, ಹೇಗಿದ್ದೀಯ?" ಎಂದು ಮಾತಾಡಿಸಿದಳು.

ಒಂದು ಮಧ್ಯಾಹ್ನ ಹೊಗೆ ಇಳಿದು ಓಣಿಗೆ ಓಣಿಯೇ ಕಾಣದಾಯಿತು. ಕೆಳಗೆ ಗುಬ್ಬಿ ಸುಂಯ್ ಎನ್ನುತ್ತಿದ್ದಳು. ಒಣಗಿದ ಬಟ್ಟೆ ತರಲು ಅಜ್ಜಿ ಮೇಲೆ ಹೋದಳು, ಹೋದವಳು ನಿಂತುಬಿಟ್ಟಳು. ಡಬ್ಬದ ಗುಂಯ್ ಹೋಗಿ ಸುಂಯ್ ಆಗಿತ್ತು. ಅದೇ ಪೀಪಿ, ಅದೇ ಎಳೆತ. ಕಣ್ಣು ಮುಚ್ಚಿದರೆ ಗುಬ್ಬಿಯೇ ಪಕ್ಕದಲ್ಲಿ ಕೂತ ಹಾಗೆ.

"ಅಯ್ಯೋ ಕಂದಾ, ನಿನಗೂ ಅಂಟಿಕೊಳ್ತಾ ಇದು?"

ಅಜ್ಜಿ ಕೆಳಗೋಡಿ ಬಂದು ತೆಳು ಬಟ್ಟೆ ಅದ್ದಿ, ಹಿಂಡಿ, ಎರಡು ಮಡಿಕೆ ಮಾಡಿ ಡಬ್ಬದ ಬಾಯಿಗೆ ಸುತ್ತ ಕಟ್ಟಿದಳು. ಸ್ವಲ್ಪ ಹೊತ್ತಿಗೆಲ್ಲ ಸುಂಯ್ ನಿಂತಿತು. ಅಜ್ಜಿಯ ಎದೆ ತಂಪಾಯಿತು. ಅಂದಿನಿಂದ ಹೊಗೆ ಬಂದಾಗ ಕಟ್ಟುವುದು, ಸರಿದ ಮೇಲೆ ಬಿಚ್ಚುವುದು. ಡಬ್ಬದ ಸಾಹೇಬ ಬರುವ ದಿನವಂತೂ ಮುಂಚೆಯೇ ಬಿಚ್ಚಿ ಟೋಪಿ ಒರೆಸಿ ಇಡುತ್ತಿದ್ದಳು. ಮುಚ್ಚಿಡಬೇಕೆಂದಲ್ಲ. ನೆಂಟರ ಮುಂದೆ ಮಗುವನ್ನು ಮುಖ ತೊಳೆಯದೆ ಯಾರಾದರೂ ನಿಲ್ಲಿಸುತ್ತಾರೆಯೇ?

ತಿಂಗಳು ತುಂಬಿತು. ಶಾಲೆಯ ಹಾಲಿನಲ್ಲಿ ಓಣಿಯವರನ್ನೆಲ್ಲ ಕೂರಿಸಿ ಆಫೀಸಿನ ದೊಡ್ಡ ಸಾಹೇಬರು ಎದ್ದು ನಿಂತರು.

"ನಿಮಗೆಲ್ಲ ಅಭಿನಂದನೆ. ಇಡೀ ನಗರದಲ್ಲಿ ನಿಮ್ಮ ಗಾಳಿಯೇ ಅತ್ಯಂತ ಶುದ್ಧ. ಇಲ್ಲಿ ಇನ್ನೂ ಎಷ್ಟೋ ಹೊಗೆಗೆ ಜಾಗ ಇದೆ. ಆದ್ದರಿಂದ ಕಾರ್ಖಾನೆಯವರು ಕೇಳಿದ್ದ ಇನ್ನೆರಡು ಚಿಮಣಿಗೆ ಅನುಮತಿ ಕೊಟ್ಟಿದ್ದೇವೆ."

ಹಾಲಿನಲ್ಲಿ ಕೆಮ್ಮು ಕೂಡ ನಿಂತುಹೋಯಿತು. ಹಿಂದಿನ ಬೆಂಚಿನಿಂದ ಕ್ಷೌರದಂಗಡಿಯವನು ಕೈಯೆತ್ತಿದ. ಓಣಿಯಲ್ಲಿ ಅವನ ಕತ್ತರಿಗಿಂತ ಬಾಯಿ ಹರಿತ.

"ಸ್ವಾಮಿ, ಗಾಳಿ ಅಷ್ಟು ಚೆನ್ನಾಗಿದ್ರೆ ತಾವ್ಯಾಕೆ ಬಂದಾಗಿಂದ ಮೂಗಿಗೆ ಕರ್ಚೀಫ್ ಹಿಡ್ಕೊಂಡೇ ಮಾತಾಡ್ತಿದ್ದೀರಿ?"

"ನನಗೆ ನೆಗಡಿ."

"ಬಂದ್ಮೇಲೆ ಹಿಡೀತೋ, ಬರ್ತಾನೇ ತಂದ್ರೋ?"

ಒಂದಿಬ್ಬರು ನಕ್ಕರು. ಅಜ್ಜಿಗೆ ನಗು ಬರಲಿಲ್ಲ. ನನ್ನ ಮಾಳಿಗೆ ಮೇಲಿದ್ದ ಡಬ್ಬ ಸುಳ್ಳು ಹೇಳಿತೇ? ಅಷ್ಟು ಚೆನ್ನಾಗಿ ನೋಡಿಕೊಂಡೆನಲ್ಲ? ಎಷ್ಟು ಯೋಚಿಸಿದರೂ ತಲೆಗೆ ಹೊಳೆಯಲಿಲ್ಲ.

ಹೊಸ ಚಿಮಣಿಗಳು ಏಳುವುದಕ್ಕೆ ಎಷ್ಟು ಹೊತ್ತು? ಕಟ್ಟಿಸಿ ಮಲಗಿಸಿಟ್ಟಿದ್ದರೋ ಏನೋ, ಎತ್ತಿ ನಿಲ್ಲಿಸಿದ ಹಾಗೆ ನಿಂತವು. ಮೂರೂ ಸೇರಿ ಉಗುಳತೊಡಗಿದ ಮೇಲೆ ಓಣಿಗೆ ನೆರಳೇ ಇಲ್ಲದಾಯಿತು, ಬಿಸಿಲಿದ್ದರೆ ತಾನೇ ನೆರಳು. ಜನ ತಮ್ಮ ಮನೆಯನ್ನು ಗೋಡೆ ತಡವಿ ಹುಡುಕುತ್ತಿದ್ದರು. ಒಬ್ಬನಂತೂ ತಪ್ಪಿ ಪಕ್ಕದ ಮನೆಗೆ ಹೋಗಿ, ಊಟ ಮಾಡಿ, ಆ ಮನೆಯಾಕೆಯಿಂದ ಬೈಸಿಕೊಂಡು, ಎದ್ದು ಬಂದ ಮೇಲೇ ಗೊತ್ತಾದದ್ದು ಅದು ತನ್ನ ಮನೆಯಲ್ಲವೆಂದು. ಬೈಗುಳ ಮಾತ್ರ ಥೇಟ್ ಅದೇ ಆಗಿತ್ತಂತೆ.

ಗುಬ್ಬಿಯ ಪೀಪಿ ಈಗ ಬಿಡುವೇ ಇಲ್ಲದೆ ಊದುತ್ತಿತ್ತು. ಅಜ್ಜಿ ಅಂಗಡಿಯಲ್ಲಿ ಇಸ್ತ್ರಿ ಉಜ್ಜುತ್ತಾ ಒಂದು ಕಿವಿಯನ್ನು ಸದಾ ಒಳಗಿನ ಕೋಣೆಯಲ್ಲೇ ಇಟ್ಟಿರುತ್ತಿದ್ದಳು. ಒಂದು ದಿನ, ಅಂಗಿಯೊಂದರ ಕಾಲರು ಒತ್ತುತ್ತಿದ್ದಾಗ, ಆ ಸದ್ದು ನಿಂತಿತು.

"ಅಬ್ಬ," ಎಂದಳು ಅಜ್ಜಿ. "ಕಡಿಮೆಯಾಯ್ತು ನನ್ನ ಬಂಗಾರಕ್ಕೆ."

ಅಂಗಿಯ ತೋಳನ್ನೂ ಮುಗಿಸಿ, ಮಡಿಚಿಟ್ಟು, ಒಳಗೆ ಹೋದಳು. ಗುಬ್ಬಿ ಗೋಡೆಗೊರಗಿ ಕೂತಿದ್ದಳು. ಭುಜ ಕಿವಿಯ ತನಕ ಏರಿತ್ತು. ಕತ್ತಿನ ಕೆಳಗಿನ ಗುಳಿ ಒಳಕ್ಕೆ ಒಳಕ್ಕೆ ಹೋಗುತ್ತಿತ್ತು. ತುಟಿ ನೀಲಿ. ಬಾಯಿ ತೆರೆದಿತ್ತು, ಸದ್ದಿಲ್ಲ.

ಅಜ್ಜಿ ಮಗುವನ್ನು ಬಾಚಿಕೊಂಡು ಓಡಿದಳು. ಕಾಲಿಗೆ ಚಪ್ಪಲಿಯಿಲ್ಲ, ಅಂಗಡಿಗೆ ಬೀಗವಿಲ್ಲ. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಸ್ಕೂಟರು ತೆಗೆದ.

ಆಸ್ಪತ್ರೆಯಲ್ಲಿ ಗುಬ್ಬಿಯ ಮುಖಕ್ಕೆ ಗಾಳಿಯ ಮುಖವಾಡ ಹಾಕಿದರು, ಸೂಜಿ ಚುಚ್ಚಿದರು. ಬಹಳ ಹೊತ್ತಿನ ಮೇಲೆ ಪರದೆಯ ಹಿಂದಿನಿಂದ ಸುಂಯ್ ಎಂದು ಕೇಳಿತು. ಡಾಕ್ಟರಮ್ಮ ಹೊರಗೆ ಬಂದು ಹಣೆ ಒರೆಸಿಕೊಂಡರು.

"ಸದ್ಯ, ಮತ್ತೆ ಸದ್ದು ಬಂತು."

"ಸದ್ದು ಬರಬಾರದಲ್ವಾ ತಾಯಿ? ಮನೇಲಿ ನಿಂತಿತ್ತು. ಗುಣ ಆಯ್ತು ಅಂದ್ಕೊಂಡು ನಾನು ಒಂದು ತೋಳು ಇಸ್ತ್ರಿ ಮಾಡ್ಕೊಂಡು..."

"ಅಜ್ಜೀ, ಸದ್ದು ಇದೆ ಅಂದ್ರೆ ಸ್ವಲ್ಪನಾದ್ರೂ ಗಾಳಿ ಒಳಗೆ ಹೋಗ್ತಿದೆ ಅಂತ. ನಿಂತುಹೋಯ್ತು ಅಂದ್ರೆ ಏನೂ ಹೋಗ್ತಿಲ್ಲ ಅಂತ. ಅದಕ್ಕೇ ಹೆದರಬೇಕು."

ಅಜ್ಜಿ ಬೆಂಚಿನ ಮೇಲೆ ಕುಸಿದಳು. ಕಣ್ಣ ಮುಂದೆ ಗುಬ್ಬಿ ಇರಲಿಲ್ಲ, ಟೋಪಿ ಹಾಕಿದ ಗಿಡ್ಡ ಮನುಷ್ಯ ನಿಂತಿದ್ದ. ಬಾಯಿಗೆ ಎರಡು ಮಡಿಕೆ ಒದ್ದೆ ಬಟ್ಟೆ, ಸದ್ದಿಲ್ಲ.

"ಈ ಹುಡುಗಿ ಇಲ್ಲೇ ಇರಲಿ," ಎಂದರು ಡಾಕ್ಟರಮ್ಮ. "ಆ ಓಣಿಗೆ ಮಾತ್ರ ಕಳಿಸಲ್ಲ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ."

ಅಜ್ಜಿ ನೆಟ್ಟಗೆ ಆಫೀಸಿಗೆ ಹೋದಳು. ಡಬ್ಬದ ಸಾಹೇಬನ ಮೇಜಿನ ಎದುರು, ಥಳಥಳ ಬೂಟಿನ ಇನ್ನೊಬ್ಬ ಕೂತು ಟೀ ಕುಡಿಯುತ್ತಿದ್ದ. ಯಾರಿದ್ದರೇನು, ಅಜ್ಜಿ ಎಲ್ಲವನ್ನೂ ಹೇಳಿದಳು. ಡಬ್ಬದ ಸಾಹೇಬನ ಮುಖ ಬಿಳಿಚಿತು.

"ಏನಜ್ಜಿ ಮಾಡಿದ್ರಿ! ನೋಡ್ಕೊಳ್ಳಿ ಅಂದ್ರೆ ಮೂಗು ಕಟ್ಟೋದಾ?"

"ಮಗು ಅಂದ್ಕೊಳ್ಳಿ ಅಂದಿದ್ದು ನೀನೇ ಅಲ್ವೇನಪ್ಪಾ? ನಮ್ಮ ಮಕ್ಕಳಿಗೆ ನಾವು ಇನ್ನೇನು ಮಾಡ್ತೀವಿ?"

ಬೂಟಿನವನು ಲೋಟ ಕೆಳಗಿಟ್ಟು ಮೆತ್ತಗೆ ನಕ್ಕ. "ಪಾಪ, ಬೈಬೇಡಿ ಅವರಿಗೆ. ಎಂಥಾ ಬಟ್ಟೆ ಅಜ್ಜಿ ಅದು? ಎಷ್ಟು ಮಡಿಕೆ? ಗಾಳಿ ಎಳೆಯೋದಕ್ಕೆ ಏನೂ ತೊಂದರೆ ಆಗಲಿಲ್ವಾ?"

ಅಷ್ಟು ಮರ್ಯಾದೆಯಿಂದ ಕೇಳಿದವನಿಗೆ ಅಜ್ಜಿ ಬಟ್ಟೆಯ ಅಳತೆ, ಗಂಟು, ಹಿಂಡುವ ರೀತಿ ಎಲ್ಲ ವಿವರವಾಗಿ ಹೇಳಿಕೊಟ್ಟಳು.

ಡಬ್ಬದ ಸಾಹೇಬ ಮತ್ತೊಂದು ತಿಂಗಳು ಅಳೆಯಲು ಅಪ್ಪಣೆ ತಂದ. ಅಜ್ಜಿ ಈ ಸಲ ಡಬ್ಬದ ಹತ್ತಿರ ಬೆರಳೂ ತರಲಿಲ್ಲ. ಅದು ಸುಂಯ್ ಎಂದರೆ ಕಿವಿ ಮುಚ್ಚಿಕೊಂಡು "ಊದು ಕಂದಾ, ಜೋರಾಗಿ ಊದು" ಎನ್ನುವಳು. ಮಧ್ಯಾಹ್ನ ಅಂಗಡಿ ಮುಚ್ಚಿ ಗುಬ್ಬಿಯನ್ನು ನೋಡಲು ಹೋಗುವಳು. ಮನೆಗೆ ಯಾವಾಗ ಎಂದು ಗುಬ್ಬಿ ಕೇಳಿದರೆ, ಮಾಳಿಗೆ ಮೇಲಿರುವ ನಿನ್ನ ತಮ್ಮನನ್ನು ಕೇಳಬೇಕು ಎನ್ನುವಳು.

ಹಾಗೆ ಒಂದು ಸಂಜೆ ಆಸ್ಪತ್ರೆಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದವಳಿಗೆ ಸದ್ದು ಕೇಳಲಿಲ್ಲ. ಡಬ್ಬದ ಬಾಯಿಗೆ ಒದ್ದೆ ಬಟ್ಟೆ ಸುತ್ತಿತ್ತು. ಬಟ್ಟೆ ಹೊಸದು, ಬೆಲೆಬಾಳುವುದು. ಎರಡು ಮಡಿಕೆ, ಗಂಟು ಸಾಕ್ಷಾತ್ ಅವಳದೇ.

ಕಿತ್ತೆಸೆದಳು. ಮರುದಿನ ಆಸ್ಪತ್ರೆಗೆ ಹೋಗಿ ಬಂದರೆ ಮತ್ತೆ ಕಟ್ಟಿತ್ತು. ಕ್ಷೌರದಂಗಡಿಯವನನ್ನು ಕರೆದು ತೋರಿಸಿದಳು, ಆಫೀಸಿನಲ್ಲಿ ಕಂಡ ಬೂಟಿನವನ ಸುದ್ದಿಯನ್ನೂ ಹೇಳಿದಳು.

"ಥಳಥಳ ಬೂಟಾ? ಮೆತ್ತಗೆ ನಗ್ತಾನಾ?" ಅವನು ತಲೆ ಚಚ್ಚಿಕೊಂಡ. "ಕಾರ್ಖಾನೆ ಮ್ಯಾನೇಜರು ಕಣಜ್ಜಿ ಅವನು! ಕಳ್ಳನಿಗೆ ಕೂರಿಸಿ ಬೀಗ ತೆಗೆಯೋದು ಹೇಳ್ಕೊಟ್ಯಲ್ಲ!"

"ಮಗು ಹತ್ರ ಇರ್ಲಾ, ಇದರ ಹತ್ರ ಇರ್ಲಾ? ನನ್ನನ್ನೇನು ಎರಡು ಮಡಿಕೆ ಮಾಡೋಕಾಗುತ್ತಾ?"

"ನೀನು ಮಗು ಹತ್ರ ಹೋಗು."

ಮಾರನೆಯ ಬೆಳಗ್ಗೆ ಅವನು ತನ್ನ ಕುರ್ಚಿ, ಕನ್ನಡಿ, ಕತ್ತರಿಗಳನ್ನೆಲ್ಲ ಅಜ್ಜಿಯ ಮಾಳಿಗೆಗೆ ಹೊತ್ತು ತಂದು ಅಂಗಡಿಯನ್ನು ಅಲ್ಲೇ ತೆರೆದ. ಗಿರಾಕಿಗಳು ಮೆಟ್ಟಿಲು ಹತ್ತಿ ಬಂದರು. ಹೊಗೆಯಲ್ಲಿ ಒಂದಿಬ್ಬರ ಮೀಸೆಯ ಬದಲು ಹುಬ್ಬು ಹೋಯಿತು, ಅದೇನೂ ದೊಡ್ಡದಲ್ಲ. ಡಬ್ಬ ತಿಂಗಳು ತುಂಬುವವರೆಗೂ ಬಾಯಿಬಿಟ್ಟು ಊದಿತು. ಅದರ ಕಾಗದ ಹೊರತೆಗೆದಾಗ ಎಂಥ ಕಪ್ಪು ಗೊತ್ತೇ? ಡಬ್ಬದ ಸಾಹೇಬ ಅದನ್ನು ಓಣಿಯಾಚೆ ಒಯ್ದು ಬಿಸಿಲಿಗೆ ಹಿಡಿದರೆ ಬಿಸಿಲಿಗೇ ತೂತು ಬಿದ್ದ ಹಾಗೆ ಕಂಡಿತು.

ದೊಡ್ಡ ಸಾಹೇಬರು ಆ ಕಾಗದವನ್ನು ನೋಡಿದರು. ಊರಿನ ಬೇರೆ ಮಾಳಿಗೆಗಳಿಂದ ಬಂದ ಕಾಗದಗಳನ್ನೂ ನೋಡಿದರು. ಅವೆಲ್ಲ ಹಾಲಿನಷ್ಟು ಬೆಳ್ಳಗಿದ್ದವು.

"ಇಡೀ ನಗರದ್ದು ಶುದ್ಧ ಇದೆ," ಎಂದರು. "ನಿಮ್ಮದೊಂದೇ ಕಪ್ಪು. ಅಂದ್ರೆ ನಿಮ್ಮ ಡಬ್ಬ ಕೆಟ್ಟಿದೆ."

ಅಜ್ಜಿ ಮನೆಗೆ ಬಂದು ಮಾಳಿಗೆ ಹತ್ತಿದಳು. ಹೊಗೆ ಒಂದು ಗಳಿಗೆ ಸರಿದಿತ್ತು. ದೂರ ದೂರದ ಮಾಳಿಗೆಗಳ ಮೇಲೆ ಟೋಪಿ ಹಾಕಿದ ಗಿಡ್ಡ ಮನುಷ್ಯರು ನಿಂತಿದ್ದರು. ಒಬ್ಬೊಬ್ಬನ ಬಾಯಿಗೂ ಬೆಳ್ಳಗಿನ ಬಟ್ಟೆ. ಅಷ್ಟು ದೊಡ್ಡ ಊರಿನಲ್ಲಿ ಎಲ್ಲಿಂದಲೂ ಸದ್ದಿಲ್ಲ.

ಗುಬ್ಬಿ ಇನ್ನೂ ಆ ಹಾಸಿಗೆಯಲ್ಲೇ ಇದ್ದಾಳೆ. ಬೇರೆ ಡಬ್ಬಗಳು ಬಾಯಿ ಬಿಡುವವರೆಗೆ ಚಿಮಣಿ ನಿಲ್ಲುವುದಿಲ್ಲ, ಚಿಮಣಿ ನಿಲ್ಲುವವರೆಗೆ ಡಾಕ್ಟರಮ್ಮ ಅವಳನ್ನು ಬಿಡುವುದಿಲ್ಲ. ಅಜ್ಜಿ ಈಗ ಮಧ್ಯಾಹ್ನ ಗುಬ್ಬಿಯನ್ನು ನೋಡಿ, ಸಂಜೆ ಒಂದೊಂದು ಬೀದಿ ಹಿಡಿದು ಮನೆ ಮನೆಯ ಕದ ತಟ್ಟಿ ಡಬ್ಬದ ಬಟ್ಟೆ ಬಿಚ್ಚಿ ಎನ್ನುತ್ತಾಳೆ. ಎಲ್ಲರೂ ನಮ್ಮ ಗಾಳಿ ಚೆನ್ನಾಗೇ ಇದೆಯಂತಲ್ಲ ಅಜ್ಜಿ ಎಂದು ಕೆಮ್ಮುತ್ತಾ ಕದ ಹಾಕಿಕೊಳ್ಳುತ್ತಾರೆ.

ಇಷ್ಟು ಹೊತ್ತು ಬಿಟ್ಟಿಯಾಗಿ ಕೂತು ಕೇಳಿದಿರಿ. ನಡುವೆ ಮೂರು ಸಲ ಕೆಮ್ಮಿದ್ದನ್ನೂ ನಾನು ನೋಡಿಲ್ಲ ಎಂದುಕೊಳ್ಳಬೇಡಿ. ಬರುವಾಗ ನಿಮ್ಮ ಮಾಳಿಗೆ ಮೇಲೂ ಏನೋ ಬೆಳ್ಳಗೆ ಕಂಡಿತು. ಏಣಿ ತಂದಿದ್ದೇನೆ, ಹೊರಗಿದೆ. ನನಗೆ ಮೊಣಕಾಲು ನೋವು, ಅದಕ್ಕೇ ಕೆಳಗೆ ನಿಂತು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಏಳಿ, ಹತ್ತಿ.