ಖಾಲಿ ಬಿಡಬಾರದ ಸಾಲು

ತೋಳಿಗೆ ಸುತ್ತಿದ ಪಟ್ಟಿ ಉಬ್ಬುತ್ತಾ ಹೋಗಿ ಬೀಗದಣ್ಣನ ಬಲಗೈಯನ್ನು ಕಚ್ಚಿ ಹಿಡಿಯಿತು. ಎಡಗೈಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಂದೆ ಡಯಾಲಿಸಿಸ್‌ಗೆ ಬೇಕಾದೀತೆಂದು ಅದರ ರಕ್ತನಾಳಗಳನ್ನು ಜೋಪಾನವಾಗಿಡಲು ಡಾಕ್ಟರು ಹೇಳಿದ್ದರು.

"ಮಾತಾಡ್ಬೇಡಿ ಅಣ್ಣ, ಕಾಲು ನೆಲಕ್ಕೆ ಊರಿ," ಎಂದಳು ನರ್ಸ್.

"ನಾನೆಲ್ಲಿ ಮಾತಾಡ್ದೆ? ಹೊಟ್ಟೆ ಮಾತಾಡಿದ್ದು."

ಅವನ ಹೆಂಡತಿ ನಗಲಿಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಟ್ಟೆ ಇಸ್ತ್ರಿ ಮಾಡಿ ಮಾಡಿ ಅವಳ ಬೆರಳ ತುದಿಗಳು ಮರಗಟ್ಟಿದ್ದವು. ಚೀಲದ ಹಿಡಿಯನ್ನು ಹಿಡಿದಿದ್ದೇನೋ ಇಲ್ಲವೋ ಎಂದು ಆಗಾಗ ನೋಡಿಯೇ ತಿಳಿಯಬೇಕಿತ್ತು.

ಮೂರು ಸಲ ಬಿ.ಪಿ. ಅಳೆದು ಮೊದಲನೆಯದನ್ನು ಬಿಟ್ಟುಬಿಡುವುದು ಇಲ್ಲಿಯ ಕ್ರಮ. ಉಳಿದೆರಡು ಬಂದವು: ನೂರ ಅರವತ್ತೆಂಟು, ನೂರ ಅರವತ್ತಾರು.

ನರ್ಸ್ ಪೆನ್ನು ಕೆಳಗಿಟ್ಟು, ಅವರು ಮನೆಯಲ್ಲಿ ದಿನಾ ಅಳೆದು ಬರೆದು ತಂದ ಪುಸ್ತಕ ಬಿಡಿಸಿದಳು. ನೂರ ಹದಿನಾರು, ನೂರ ಹದಿನೆಂಟು, ನೂರ ಹದಿನಾಲ್ಕು. ಪುಟದ ಮೇಲೆ ಪುಟ, ಒಂದು ಸಾಲೂ ಖಾಲಿಯಿಲ್ಲ.

ಕಿಡ್ನಿ ಸೋತವರಲ್ಲಿ ಬಿ.ಪಿ.ಯನ್ನು ನೂರ ಇಪ್ಪತ್ತರೊಳಗೆ ಇಟ್ಟರೆ ಕಿಡ್ನಿ ಇನ್ನಷ್ಟು ದಿನ ಬಾಳೀತೇ ಎಂದು ನೋಡುವ ಸಂಶೋಧನೆ ಅದು. ಆರು ನೂರು ರೋಗಿಗಳು, ಮನೆಮನೆಗೊಂದು ಮೆಷಿನ್ನು. ಮನೆಯ ಅಂಕಿ ನೋಡಿಯೇ ಡಾಕ್ಟರು ಮಾತ್ರೆ ಏರಿಸುವುದು, ಇಳಿಸುವುದು. ಕಳೆದ ತಿಂಗಳು ಬೀಗದಣ್ಣನ ಪುಸ್ತಕ ನೋಡಿ ಒಂದು ಮಾತ್ರೆ ಕಡಿಮೆ ಮಾಡಿದ್ದರು. ತನ್ನ ಬೀಗ ರಿಪೇರಿ ಅಂಗಡಿಗೆ ಬಂದವರಿಗೆಲ್ಲ ಅವನು ಅದನ್ನು ಹೇಳಿಕೊಂಡಿದ್ದ.

ನರ್ಸ್ ಅವರು ಜೊತೆಗೆ ತಂದಿದ್ದ ಮನೆಯ ಮೆಷಿನ್ನಿನ ಗುಂಡಿ ಒತ್ತುತ್ತಾ ಅದರ ನೆನಪನ್ನು ಹಿಂದಕ್ಕೆ ಓಡಿಸಿದಳು. ಪುಸ್ತಕದಲ್ಲಿದ್ದದ್ದೇ ಅದರಲ್ಲೂ ಇತ್ತು.

"ಮೆಷಿನ್ ಕೆಟ್ಟಿರ್ಬೇಕು," ಎಂದ ಬೀಗದಣ್ಣ ಬೇರೆಲ್ಲೋ ನೋಡುತ್ತಾ.

ನರ್ಸ್ ಆ ಮೆಷಿನ್ನನ್ನೇ ಅವನ ತೋಳಿಗೆ ಸುತ್ತಿದಳು. ನೂರ ಅರವತ್ತೇಳು.

"ಅದು ನಂದು," ಎಂದಳು ಹೆಂಡತಿ.

"ಯಾವ್ದು ಅಕ್ಕ?"

"ಪುಸ್ತಕದಲ್ಲಿರೋದು. ಮೊದಲ ಹನ್ನೆರಡು ದಿನ ಇವರದ್ದು. ಆಮೇಲೆ ಕೈ ಕೊಡ್ಲಿಲ್ಲ. ಬೆಳಬೆಳಿಗ್ಗೆ ಆ ಮೆಷಿನ್ನಿನ ದರಿದ್ರ ಮುಖ ನೋಡ್ಬೇಕಾ ಅಂದ್ರು. ನನ್ ಕೈಗೇ ಸುತ್ಕೊಂಡೆ."

"ಯಾಕಕ್ಕಾ?"

"ಖಾಲಿ ಬಿಡ್ಬೇಡಿ ಅಂದಿದ್ರಲ್ಲ. ಎರಡು ವಾರ ಖಾಲಿ ಇದ್ರೆ ಹೆಸರು ತೆಗೀತಾರೆ ಅಂದ್ರಿ. ಒಂದೇ ಮನೆ, ಒಂದೇ ಉಪ್ಪಿಲ್ಲದ ಅಡುಗೆ. ಹೆಚ್ಚುಕಮ್ಮಿ ಅಷ್ಟೇ ಇರತ್ತೆ ಅಂದ್ಕೊಂಡೆ. ಬರೆದಿದ್ದೆಲ್ಲ ಅಳೆದೇ ಬರ್ದಿದ್ದೀನಿ."

ನರ್ಸ್ ಪುಸ್ತಕ ಮುಚ್ಚಿದಳು. ಆ ಮಾತು ಅವಳೇ ಹೇಳಿದ್ದು.

ಒಳಗಿನ ಕೋಣೆಯಲ್ಲಿ ಡಾಕ್ಟರು ರಕ್ತದ ವರದಿಯನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ಮೂರು ತಿಂಗಳ ಹಿಂದೆ ಎರಡು ಪಾಯಿಂಟ್ ಒಂದಿದ್ದ ಕ್ರಿಯಾಟಿನಿನ್ ಈಗ ಮೂರು ಪಾಯಿಂಟ್ ಎರಡು. ಕಿಡ್ನಿ ಸೋಸದೆ ಬಿಟ್ಟಷ್ಟೂ ಆ ಅಂಕಿ ಏರುತ್ತದೆ ಎಂದು ಹೆಂಡತಿಗೆ ಗೊತ್ತಿತ್ತು. ಏನಾದರೂ ಅನ್ನಿಸಬೇಕಿತ್ತು. ಅವಳ ಕಣ್ಣು ಡಾಕ್ಟರ ಅಂಗಿಯ ತೋಳಿನ ಮೇಲೆ ನಿಂತಿತ್ತು. ಇಸ್ತ್ರಿ ಮಾಡಿದವರು ಒಂದೇ ಜಾಗದಲ್ಲಿ ಎರಡು ಗೆರೆ ಬೀಳಿಸಿದ್ದರು.

"ಇಷ್ಟು ಬೇಗ ಏರಬಾರ್ದಿತ್ತು," ಎಂದರು ಡಾಕ್ಟರು. "ತೆಗೆದ ಮಾತ್ರೆ ಇವತ್ತೇ ವಾಪಸ್ ಶುರು ಮಾಡಿ. ಹೀಗೇ ಹೋದ್ರೆ ವರ್ಷದೊಳಗೆ ಡಯಾಲಿಸಿಸ್."

"ಇವಳು ಸುಮ್ನೆ ಮನಸ್ಸಿಗೆ ಬಂದಿದ್ದು ಬರೀತಿದ್ದಾಳೆ ಅಂದ್ಕೊಂಡಿದ್ದೆ ಸಾರ್," ಎಂದ ಬೀಗದಣ್ಣ.

"ಗೊತ್ತಿತ್ತಾ ನಿಮಗೆ?"

"ನಾನು ಕೇಳೋಕೆ ಹೋಗಿರ್ಲಿಲ್ಲ."

ಮಾತ್ರೆ ಕಡಿಮೆಯಾದ ಸಂಜೆ ಅವನು ಸಿಹಿ ತಂದಿದ್ದ. ಅವಳೂ ಅದನ್ನು ಏನೂ ಕೇಳದೆ ತಿಂದಿದ್ದಳು.

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. "ನಡೆದದ್ದನ್ನ ನಡೆದ ಹಾಗೇ ವರದಿ ಮಾಡ್ತೀನಿ. ಹೆಸರು ತೆಗೆಯೋ ಅಗತ್ಯ ಬರಲ್ಲ ಅನ್ಸುತ್ತೆ. ಇವತ್ತಿಂದ ಹೊಸ ಪುಸ್ತಕ. ಆದ್ರೆ ಬೆಳಿಗ್ಗೆ ಸಂಜೆ ಅಳೀಲೇಬೇಕು, ನಿಮ್ಮದೇ ತೋಳು."

"ಅದಕ್ಕೇನು ಸಾರ್, ಇವಳಿದ್ದಾಳಲ್ಲ," ಎಂದ ಬೀಗದಣ್ಣ. ಅವನ ದನಿ ಆಗಲೇ ಹಗುರಾಗಿತ್ತು. "ಹಿಂದೆ ಬಿದ್ದು ಅಳೀತಾಳೆ. ನಾನು ಬೇಡ ಅಂದ್ರೂ ಬಿಡ್ಬೇಡ ಕಣೇ. ಬೈದಾದ್ರೂ ಅಳಿ."

ನರ್ಸ್ ಮೆಷಿನ್ನನ್ನು ಪೆಟ್ಟಿಗೆಗೆ ಹಾಕಿ, ಮೇಲೊಂದು ಹೊಸ ಪುಸ್ತಕವಿಟ್ಟು ಹೆಂಡತಿಯತ್ತ ಚಾಚಿದಳು. ಬೀಗದಣ್ಣ ಅಷ್ಟರಲ್ಲಿ ಎದ್ದು ಚಪ್ಪಲಿ ಹುಡುಕುತ್ತಿದ್ದ.

ಹೆಂಡತಿ ಚೀಲದ ಬಾಯಿ ಮುಚ್ಚಿದಳು.

"ತಗೊಳ್ಳಿ ಅಕ್ಕ."

"ಬೇಡ," ಎಂದಳು. "ಇವರ ಕೈಗೇ ಕೊಡಿ. ನಾನು ತಗೊಳ್ಳಲ್ಲ."