ಕೋಟೇಶ್ವರಮ್ಮನ ಕಫದ ಡಬ್ಬಿ

ಆ ವಾರವೆಲ್ಲ ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಕೋಟೇಶ್ವರಮ್ಮನಿಗೆ ಕ್ಷಯ ಇದೆ ಅಂತ ಒಂದು ಕಾಗದ, ಇಲ್ಲ ಅಂತ ಎರಡು ಕಾಗದ. ಯಾವುದನ್ನ ನಂಬೋದು?

ಈ ತೆಲುಗು ಸೀಮೆಯಲ್ಲಿ, ದುವ್ವಾಡದ ಆಚೆಗಿನ ಹಳ್ಳಿಗಳಲ್ಲಿ ಮನೆಮನೆ ಸುತ್ತಿ, ಎರಡು ವಾರ ದಾಟಿದ ಕೆಮ್ಮು ಯಾರಿಗಿದೆ ಅಂತ ಕೇಳಿ, ಕಫ ತರೋದು ನನ್ನ ಕೆಲಸ. ಹೆಸರು ಬರೆದ ಡಬ್ಬಿ ಕೊಟ್ಟು ಬರ್ತೀನಿ, ಮಾರನೇ ಬೆಳಿಗ್ಗೆ ಹೋಗಿ ತಗೊಂಡು ಬರ್ತೀನಿ. ಕೋಟೇಶ್ವರಮ್ಮನ ಊರಿಂದ ಆ ಸಲ ಬಂದದ್ದು ಒಂದೇ ಡಬ್ಬಿ, ಅವರದು. ಅದರಲ್ಲಿ ಕ್ಷಯದ ಕ್ರಿಮಿ ಸಿಕ್ಕಿತು. ಆಸ್ಪತ್ರೆಗೆ ಕರೆಸಿದರೆ ಎಕ್ಸ್‌ರೇಲಿ ಏನಿಲ್ಲ, ಅಲ್ಲೇ ತೆಗೆಸಿದ ಕಫದಲ್ಲೂ ಏನಿಲ್ಲ.

"ಏನಮ್ಮಾ ಕಮಲಾಕ್ಷಿ, ಡಬ್ಬಿ ಅದಲುಬದಲು ಮಾಡಿದೀಯಾ?" ಅಂದರು ಡಾಕ್ಟರು. ಮೈಯೆಲ್ಲ ಉರಿದುಹೋಯ್ತು. ಇದ್ದದ್ದೇ ಒಂದು ಡಬ್ಬಿ, ಅದಲುಬದಲು ಎಲ್ಲಿಂದ ಬಂತು? ಆದರೆ ಭಯವೂ ಆಯ್ತು. ಆ ಕಫ ಯಾರದೋ, ಅವರು ಮಾತ್ರೆಯಿಲ್ಲದೆ ಎಲ್ಲೋ ಕೆಮ್ತಾ ಇದ್ದಾರೆ.

ಬಿಸಿಲಲ್ಲಿ ಮತ್ತೆ ಕೋಟೇಶ್ವರಮ್ಮನ ಮನೆಗೆ ಹೋದೆ. ಸೊಸೆ ಮಗುವನ್ನ ಕಂಕುಳಲ್ಲಿ ಇಟ್ಕೊಂಡೇ ಮಜ್ಜಿಗೆ ತಂದುಕೊಟ್ಟು, ಅಡುಗೆಮನೆ ಬಾಗಿಲಿಗೆ ಸರಿದು ನಿಂತಳು.

"ಅಮ್ಮಾ, ನಿಜ ಹೇಳಿ. ಆವತ್ತು ಡಬ್ಬಿಗೆ ಉಗುಳಿದ್ದು ನೀವೇನಾ?" ಮದುವೆಯಾಗಿ ಗಾಜುವಾಕಕ್ಕೆ ಬಂದು ಹನ್ನೆರಡು ವರ್ಷವಾದರೂ ಕೋಪ ಬಂದರೆ ನನ್ನ ತೆಲುಗು ತಡವರಿಸುತ್ತೆ.

ಕೋಟೇಶ್ವರಮ್ಮ ಸೆರಗಲ್ಲಿ ಮುಖ ಒರೆಸಿಕೊಂಡರು. "ಆವತ್ತು ಎಷ್ಟು ಕೆಮ್ಮಿದರೂ ನಂಗೆ ಕಫ ಬರಲಿಲ್ಲಮ್ಮ. ನೀವು ಅಷ್ಟು ದೂರ ನಡೆದು ಬರ್ತೀರಿ. ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸೋದು ಹೇಗೆ? ಸೊಸೆಗೆ ಹೇಳಿದೆ, ಅವಳು ತುಂಬಿಸಿಕೊಟ್ಟಳು."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳೀಲಿಲ್ಲ. ಮಜ್ಜಿಗೆ ಕೊಟ್ಟ ಹಾಗೇ ಕಫವನ್ನೂ ಕೊಟ್ಟಿದ್ದರು.

ಸೊಸೆ ಕಡೆ ತಿರುಗಿದೆ. "ನಿಂಗೆ ಎಷ್ಟು ದಿನದಿಂದ ಕೆಮ್ಮು?"

ಅವಳು ಅತ್ತೆ ಮುಖ ನೋಡಿದಳು. "ಎರಡು ತಿಂಗಳಾಯ್ತು."

"ಮನೆಗೇ ಬಂದು ಕೇಳಿದೆನಲ್ಲೇ, ಯಾಕೆ ಬಾಯಿ ಬಿಡಲಿಲ್ಲ?"

"ನೀವು ಅತ್ತೆಯನ್ನ ಕೇಳಿದ್ರಿ, ಅಕ್ಕಾ."

ಹೌದು. ಹಿರಿಯರು ಎದುರಿಗೆ ಕೂತಿರುವಾಗ ಸೊಸೆಯನ್ನ ಬೇರೆಯಾಗಿ ಕೇಳೋದು ಮರ್ಯಾದೆಯಲ್ಲ ಅಂತ ಸುಮ್ಮನಿದ್ದವಳು ನಾನೇ. ಮಗು ಅವಳ ಎದೆ ಹುಡುಕುತ್ತಿತ್ತು. ಮಗುವನ್ನೂ ಪರೀಕ್ಷೆಗೆ ತರಬೇಕು ಅಂತ ಹೇಳಿ ಹೊಸ ಡಬ್ಬಿ ತೆಗೆದೆ, ಹೆಸರು ಬರೆಯೋಕೆ ಪೆನ್ನು ಹಿಡಿದೆ.

ಹಿಡಿದವಳು ಹಾಗೇ ಕೂತೆ. ಮೂರು ಸಲ ಅವಳ ಕೈಯಿಂದ ಮಜ್ಜಿಗೆ ಇಸ್ಕೊಂಡು ಕುಡಿದಿದ್ದೆ, ಹೆಸರು ಕೇಳಿರಲಿಲ್ಲ.