ಒಂಬತ್ತನೇ ಸರದಿ

"ಚಿಕ್ಕಪ್ಪನಿಗೆ ಆ ಗದ್ದೇಲಿ ಪಾಲೇ ಇಲ್ಲ ಅಕ್ಕ. ಒಂದು ಕಾಳಿನಷ್ಟೂ ಇಲ್ಲ," ಎಂದ ಕಾರ್ನೇಲಿಸ್.

ಎನ್ಸೊಹಾಮಿಯ ಕೈಯಲ್ಲಿ ಎಳೆ ತೆಂಗಿನ ಗರಿ ಅರ್ಧ ಸೀಳಿ ನಿಂತಿತು. ಒಳಗೆ ಬಿಳಿ ಬಟ್ಟೆ ಹಾಸಿದ ಮಂಚದ ಮೇಲೆ ಅವಳ ಅಪ್ಪ ಜುವಾನಿಸ್ ಮಲಗಿದ್ದ. ಹೆಣ ಹೋಗುವ ದಾರಿಯುದ್ದಕ್ಕೂ ಗರಿ ಕಟ್ಟುವ ಕೆಲಸ ಅವಳಿಗೂ ದೊಡ್ಡಪ್ಪನ ಮಗ ಕಾರ್ನೇಲಿಸನಿಗೂ ಬಿದ್ದಿತ್ತು.

"ಇವತ್ತೇ ಹೇಳ್ಬೇಕಿತ್ತೇನೋ ತಮ್ಮ?"

"ಇನ್ಯಾವಾಗ ಹೇಳ್ಲಿ? ನೀನು ಆಗ್ಲೇ ಬೀಜ ಅಳೆದಿಟ್ಟಿದೀಯ. ಮಾತರ ಪೇಟೆ ಕಚೇರಿಯಿಂದ ಜನನ ದಾಖಲೆ ನಕಲು ತರಿಸ್ದೆ. ತಾತನ ಮಕ್ಕಳು ಅಂತ ಎಂಟೇ ಹೆಸರಿದೆ. ಚಿಕ್ಕಪ್ಪನ ಹೆಸರಿಲ್ಲ."

ತಾತ ಹೆಂದ್ರಿಕ್ ಬಿಟ್ಟುಹೋದ ಗದ್ದೆಯನ್ನು ಮಕ್ಕಳು ತುಂಡು ಮಾಡಿಕೊಂಡಿರಲಿಲ್ಲ. ಮಾಡಿದ್ದರೆ ಒಬ್ಬೊಬ್ಬರ ಪಾಲಿನಲ್ಲಿ ಕೋಣ ತಿರುಗುವುದಕ್ಕೂ ಜಾಗ ಇರುತ್ತಿರಲಿಲ್ಲ. ಅದಕ್ಕೇ ವರ್ಷಕ್ಕೊಂದು ಮನೆ ಇಡೀ ಗದ್ದೆ ಬಿತ್ತುವುದು, ಉಳಿದವರು ಕಾಯುವುದು. ಒಂಬತ್ತು ಮನೆ, ಒಂಬತ್ತು ವರ್ಷ. ಈ ವರ್ಷ ಜುವಾನಿಸನ ಸರದಿ. ಅದಾದ ಮೇಲೆ ಹಿರಿಯವನ ಮನೆಯದು, ಎಂದರೆ ಕಾರ್ನೇಲಿಸನದು. ಒಂಬತ್ತನೆಯದು ಇಲ್ಲವೇ ಇಲ್ಲವೆಂದಾದರೆ ಈ ವರ್ಷವೇ ಅವನದು. ಗಂಡ ಹೋದ ಮೇಲೆ ತೆಂಗಿನ ನಾರಿನ ಹಗ್ಗ ಹೊಸೆದು ಮೂರು ಮಕ್ಕಳನ್ನು ಸಾಕುತ್ತಿದ್ದ ಎನ್ಸೊ, ಈ ಒಂದು ಫಸಲಿಗೆ ಎಂಟು ವರ್ಷ ದಾರಿ ನೋಡಿದ್ದಳು.

"ಈಗ ಗೊತ್ತಾಯ್ತಾ ನಿಂಗೆ?" ಜಗಲಿಯಿಂದ ಬಾಬಾಹಾಮಿ ಕೇಳಿದಳು. ಹೆಂದ್ರಿಕನ ಎಂಟು ಮಕ್ಕಳಲ್ಲಿ ಉಳಿದಿದ್ದವಳು ಅವಳೊಬ್ಬಳೇ. "ಓದಿದೋರಿಗೆ ಎಲ್ಲಾ ತಡವಾಗೇ ಗೊತ್ತಾಗೋದು."

ಕಾರ್ನೇಲಿಸ್ ತಿರುಗಿದ. "ಅತ್ತೆ, ನಿಮಗೆ ಗೊತ್ತಿತ್ತಾ?"

"ಎಂಟು ಜನಕ್ಕೂ ಗೊತ್ತಿತ್ತು. ಗಾಡಿಯವನೊಬ್ಬ ನಮ್ಮ ಅಂಗಳದಲ್ಲೇ ವಾಂತಿಭೇದಿ ಹತ್ತಿ ಸತ್ತ. ಗಾಡೀಲಿ ಈ ಕೂಸು, ಜುವಾನಿಸ್. ನಮ್ಮಮ್ಮ ಒಂದು ಮೊಲೆ ನಂಗೆ ಕೊಟ್ಲು, ಒಂದು ಅವ್ನಿಗೆ. ಅಪ್ಪ ಸಾಯೋವಾಗ ಒಂಬತ್ತು ಸರದಿ ಅಂದ. ಕಾಗದ ಇಲ್ಲ, ಸಾಕ್ಷಿ ಇಲ್ಲ. ಅಷ್ಟೇ."

"ಅಷ್ಟೇನಾ? ಒಂದು ಹಲಸಿನ ಕೊಂಬೆಗೆ ಬಿಳಿ ಜಡ್ಜಿನ ಮುಂದೆ ಹೋಗಿ ನಿಂತೋರು ನೀವು. ಆ ಕೇಸಿಗೆ ನಮ್ಮಪ್ಪ ಜೋಡಿ ಎತ್ತು ಮಾರ್ದ."

"ಕೊಂಬೆ ನಂದೇ. ನಿಮ್ಮಪ್ಪ ಸೋತ," ಎಂದಳು ಮುದುಕಿ, ಆ ಗೆಲುವಿನ ರುಚಿ ಇನ್ನೂ ಬಾಯಲ್ಲಿ ಉಳಿದವಳ ಹಾಗೆ. "ಇದ್ರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡ್ಲಿಲ್ಲ. ಐವತ್ನಾಲ್ಕು ವರ್ಷ."

"ಅಪ್ಪನಿಗೆ ಗೊತ್ತಿತ್ತಾ?" ಎಂದು ಕೇಳಿದಳು ಎನ್ಸೊ.

"ಅವ್ನು ಬಿತ್ತೋಕೆ ಮುಂಚೆ ಪ್ರತೀ ಸಲ ವೀಳ್ಯದೆಲೆ ತರ್ತಿದ್ದ. ಬೇರೆ ಯಾರಾದ್ರೂ ತಂದಿದ್ದು ನೋಡಿದೀಯಾ?"

* * *

ಎನ್ಸೊಗೆ ಆಗ ಹನ್ನೊಂದು. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು, ಊರಲ್ಲಿ ಅಕ್ಕಿ ಇರಲಿಲ್ಲ. ಅಪ್ಪನ ಸರದಿ ಬಂದಿತ್ತು. ವೀಳ್ಯದೆಲೆಯ ಕಟ್ಟುಗಳಿದ್ದ ಬುಟ್ಟಿಯನ್ನು ಅವಳೇ ಹೊತ್ತು ಅಪ್ಪನ ಹಿಂದೆ ಮನೆಯಿಂದ ಮನೆಗೆ ನಡೆದಳು.

ಮೊದಲ ಮನೆ ದೊಡ್ಡಪ್ಪ ಸಾರದಿಯೆಲನದು. ಒಲೆಯ ಹೊಗೆ ಇರಲಿಲ್ಲ. ಎಂಟು ವರ್ಷದ ಕಾರ್ನೇಲಿಸ್ ಬಾಗಿಲಲ್ಲಿ ನಿಂತು ಬುಟ್ಟಿಯಲ್ಲಿ ತಿನ್ನುವುದೇನಾದರೂ ಇದೆಯೇ ಎಂದು ಇಣುಕಿದ. ಅಪ್ಪ ಬಗ್ಗಿ ಎರಡೂ ಕೈಯಲ್ಲಿ ಎಲೆ ಚಾಚಿದ. ದೊಡ್ಡಪ್ಪ ತೆಗೆದುಕೊಳ್ಳಲಿಲ್ಲ.

"ಮಕ್ಕಳ ಮುಖ ನೋಡಿ," ಎಂದಳು ದೊಡ್ಡಮ್ಮ ಒಳಗಿಂದ. "ಈ ವರ್ಷ ಒಂದು ಸಲ, ಬಾಯಿ ಬಿಟ್ಟು ಹೇಳಿ."

"ಸುಮ್ನಿರು."

ಬಹಳ ಹೊತ್ತಾದ ಮೇಲೆ ಆತ ಎಲೆ ತೆಗೆದುಕೊಂಡ. "ಮೇಲಿನ ಬದು ಒಡೆದಿದೆ ಜುವಾನಿಸ್. ನೀರು ಬಿಡೋಕೆ ಮುಂಚೆ ಕಟ್ಕೋ," ಎಂದ.

ಅಲ್ಲಿಂದ ನಾಲ್ಕು ಹೆಜ್ಜೆ ಬಂದು ಅಪ್ಪ ಬದುವಿನ ಮೇಲೆ ಕುಳಿತುಬಿಟ್ಟ. ಕಾಲಿಗೆ ಮುಳ್ಳು ಚುಚ್ಚಿರಬೇಕೆಂದು ಅವಳು ಅಂಗಾಲು ಹಿಡಿದು ಹುಡುಕಿದ್ದಳು. ಮುಳ್ಳು ಸಿಗಲಿಲ್ಲ.

* * *

ಭಿಕ್ಷುಗಳು ಬಂದು ಕುಳಿತರು. ಸತ್ತವನಿಗೆ ಪುಣ್ಯ ಸಲ್ಲಲೆಂದು ಹತ್ತಿರದವರೆಲ್ಲ ಒಂದೇ ಹೂಜಿಗೆ ಕೈ ಹಚ್ಚಿ, ಬಟ್ಟಲು ತುಂಬಿ ಚೆಲ್ಲುವವರೆಗೆ ನೀರು ಸುರಿಯಬೇಕು. ಕಾಗದದ ಸುದ್ದಿ ಅಷ್ಟರಲ್ಲಿ ಎಂಟೂ ಮನೆ ಸುತ್ತಿ ಬಂದಿತ್ತು. ಕೈ ಚಾಚಿದವರು ಒಬ್ಬರನ್ನೊಬ್ಬರು ಹೊಸಬರ ಹಾಗೆ ನೋಡಿಕೊಂಡರು. ಮೊನ್ನೆಯಷ್ಟೇ ಒಂದು ಗೊನೆ ಎಳನೀರಿಗೆ ಕಿತ್ತಾಡಿದ್ದವರು, ಈಗ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟರು.

ಕೊನೆಗೆ ಬಂದ ಕಾರ್ನೇಲಿಸ್ ಎನ್ಸೊಳ ಪಕ್ಕ ಕುಳಿತ.

"ಆ ಬರದ ವರ್ಷ ಚಿಕ್ಕಪ್ಪ ಎಲೆ ತಂದಾಗ ನಾನು ಬಾಗಿಲಲ್ಲೇ ಇದ್ದೆ ಅಕ್ಕ," ಎಂದ ಮೆಲ್ಲಗೆ. "ಆ ವರ್ಷ ನನ್ನ ತಂಗಿ ಉಳೀಲಿಲ್ಲ. ಚಿಕ್ಕಪ್ಪನ ಹಕ್ಕು, ಅಪ್ಪ ಏನು ಮಾಡೋಕಾಗ್ತಿತ್ತು ಅಂದ್ಕೊಂಡೇ ಬೆಳೆದೆ. ನಿನ್ನೆ ಆ ನಕಲು ಓದ್ದೆ. ಹಕ್ಕೇ ಇರ್ಲಿಲ್ಲ. ಅಪ್ಪನ ಒಂದು ಮಾತು ಸಾಕಿತ್ತು. ಯಾವ ಕೋರ್ಟೂ ಬೇಕಿರ್ಲಿಲ್ಲ."

ಎನ್ಸೊ ಹೂಜಿಯನ್ನು ಇನ್ನಷ್ಟು ಬಗ್ಗಿಸಿದಳು. ಬಟ್ಟಲು ತುಂಬಿ ಚೆಲ್ಲಿತು.

ಮಣ್ಣು ಮಾಡಿ ಎಲ್ಲರೂ ಕಾಲುವೆಯಲ್ಲಿ ಮಿಂದು ಏಳುವ ಹೊತ್ತಿಗೆ ಬಿಸಿಲು ಇಳಿದಿತ್ತು. ನೀರಗಂಟಿ ಕೊಡೆ ಮಡಿಸಿ ಬದುವಿನ ಮೇಲೆ ಕಾಯುತ್ತಿದ್ದ.

"ಇಂಥ ದಿನ ಕೇಳ್ಬಾರ್ದು. ಆದ್ರೆ ನೀರು ಕಾಯಲ್ಲ, ನಾಳೆ ತೂಬು ಎತ್ಬೇಕು. ಈ ವರ್ಷ ಯಾರ ಸರದಿ?"

ಎನ್ಸೊ ಸೀರೆಯ ಸೆರಗು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಮುಗಿದು ಎಷ್ಟೋ ಹೊತ್ತಾಗಿತ್ತು. ಎಲ್ಲರೂ ಕಾರ್ನೇಲಿಸನ ಕಡೆ ನೋಡಿದರು. ಅವನು ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದ.

"ಹೋದ ವರ್ಷ ಬಾಬಾಹಾಮಿ ಅತ್ತೆ ಮನೇದು. ಎಂಟನೇದು," ಎಂದ. ಉಸಿರು ಎಳೆದುಕೊಂಡ. "ಈ ವರ್ಷ ಒಂಬತ್ತನೇದು."

"ಅಂದ್ರೆ? ಹೆಸರು ಹೇಳಪ್ಪ."

"ಜುವಾನಿಸ್ ಮನೆ. ಎನ್ಸೊಹಾಮಿ."

ನೀರಗಂಟಿ ಬಾಬಾಹಾಮಿಯ ಕಡೆ ನೋಡಿದ. ಮುದುಕಿ ಕೂದಲು ಒರೆಸಿಕೊಳ್ಳುತ್ತಿದ್ದಳು. "ನನ್ನೇನು ನೋಡ್ತೀಯ? ಹಿರಿಯವನ ಮನೆ ಹೇಳಿದ್ಮೇಲೆ ಮುಗೀತು," ಎಂದಳು.

ಕೊಯ್ದು ಬಿಟ್ಟ ಗದ್ದೆ ಈ ಬದುವಿನಿಂದ ಆ ಬದುವಿನವರೆಗೆ, ನಡುವೆ ಒಂದು ಗೆರೆಯೂ ಇಲ್ಲದೆ ಬಿದ್ದಿತ್ತು. ಎಂಟೂ ಮನೆಯವರು ಒದ್ದೆ ಬಟ್ಟೆಯಲ್ಲಿ ಅದರ ಅಂಚಿಗೆ ಸಾಲಾಗಿ ನಿಂತಿದ್ದರು. ಯಾರೂ ಒಳಗೆ ಕಾಲಿಡಲಿಲ್ಲ.

"ಹಾಗಾದ್ರೆ ಬೆಳಗ್ಗೆ, ಕಾಗೆ ಕೂಗೋದ್ರೊಳಗೆ ತೂಬಿನ ಹತ್ರ ಬಾಮ್ಮ," ಎಂದ ನೀರಗಂಟಿ.

"ಬರ್ತೀನಿ," ಎಂದಳು ಎನ್ಸೊ.